ಅಜ್ಜನಿಗೆ ವೈವಾ ಬೇಡ

ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗೆ ಯಾರೇ ಬರಲಿ, ಮೊದಲು ನಡೆಯೋದು ಒಂದು ವೈವಾ. ಚಪ್ಪಲಿ ಬಿಟ್ಟು ಒಳಗೆ ಬರ್ತಾರೆ, ಅವರ ಮುಖದ ಹತ್ತಿರ ಮುಖ ತರ್ತಾರೆ, ಕಿವಿ ಕೇಳದವರ ಜೊತೆ ಮಾತಾಡೋ ಹಾಗೆ ಜೋರಾಗಿ "ನಾನು ಯಾರು ಹೇಳಿ ನೋಡೋಣ?" ಅಂತ ಕೇಳ್ತಾರೆ. ಉತ್ತರ ಸರಿ ಬಂದ್ರೆ ಎಲ್ಲರಿಗೂ ಖುಷಿ. ಬರದಿದ್ರೆ "ಅಯ್ಯೋ ಪಾಪ, ಎಲ್ಲಾ ಮರೆತುಹೋಗಿದೆ" ಅಂತ ಅವರ ಎದುರಿಗೇ ರಿಸಲ್ಟ್ ಅನೌನ್ಸ್ ಮಾಡಿ, ಕಾಫಿ ಕುಡೀತಾ ಮನೆಯ ಬೇರೆಯವರ ಜೊತೆ ಮಾತು ಮುಂದುವರಿಸ್ತಾರೆ. ನಮ್ಮ ಎಕ್ಸ್‌ಟರ್ನಲ್ ಎಕ್ಸಾಮಿನರ್‌ಗಳು ಇದಕ್ಕಿಂತ ವಾಸಿ, ಮೊದಲು ಒಂದು ಸುಲಭದ ಪ್ರಶ್ನೆನಾದ್ರೂ ಕೇಳ್ತಾರೆ.

ವಿದ್ಯಾನಗರದ ನಮ್ಮ ಮನೆಯಲ್ಲಿ ಈ ವೈವಾವನ್ನು ನಾಲ್ಕು ವರ್ಷದಿಂದ ನೋಡ್ತಾ ಇದ್ದೀನಿ. ನನ್ನ ಅಪ್ಪನ ಅಪ್ಪ ಭದ್ರಾವತಿಯ ಐರನ್ ಫ್ಯಾಕ್ಟರಿಯಲ್ಲಿ, ಅಂದ್ರೆ ಈಗಿನ ವಿಐಎಸ್‌ಎಲ್‌ನಲ್ಲಿ, ರೋಲಿಂಗ್ ಮಿಲ್ ಕೆಲಸ ಮಾಡಿ ರಿಟೈರ್ ಆದವರು. ಡಾಕ್ಟರು ಅಲ್ಝೈಮರ್ ಅಂದಿದ್ದಾರೆ. ಕನಿಕರ ಹುಟ್ಟಿಸೋಕೆ ನಾನು ಇದನ್ನು ಬರೀತಾ ಇಲ್ಲ. ನನ್ನ ವಾದ ಬೇರೆ. ಡಿಮೆನ್ಷಿಯಾ ಇರುವವರು ತಮ್ಮ ಬದುಕಿನ ಕಥೆ ಹೇಳೋದನ್ನು ನಿಲ್ಲಿಸಿಲ್ಲ, ಹೇಳ್ತಾನೇ ಇದ್ದಾರೆ. ನಾವು ಕಥೆ ಕೇಳೋದು ಬಿಟ್ಟು ಪೇಪರ್ ವ್ಯಾಲ್ಯುಯೇಶನ್‌ಗೆ ಕೂತಿದ್ದೀವಿ.

ಈ ಅಭ್ಯಾಸ ಎಷ್ಟು ಹಳೇದು ಅಂದ್ರೆ, ಅಲ್ಝೈಮರ್ ಕಾಯಿಲೆಯ ಮೊಟ್ಟಮೊದಲ ದಾಖಲೆಯೇ ಒಂದು ವೈವಾ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಅನ್ನೋ 51 ವರ್ಷದ ಹೆಂಗಸನ್ನು ಸೇರಿಸ್ತಾರೆ. ಡಾಕ್ಟರ್ ಅಲೋಯ್ಸ್ ಅಲ್ಝೈಮರ್ ಎದುರು ಕೂತು ಪ್ರಶ್ನೆ ಕೇಳಿ ಉತ್ತರ ಬರ್ಕೊಳ್ತಾರೆ. ಹೆಸರೇನು ಅಂದ್ರೆ ಆಗುಸ್ಟೆ. ಮನೆತನದ ಹೆಸರು? ಅದೂ ಆಗುಸ್ಟೆ. ಗಂಡನ ಹೆಸರು? ಅದೂ ಆಗುಸ್ಟೆ ಇರಬೇಕು ಅಂತಾಳೆ. ಊಟದ ತಟ್ಟೆಯಲ್ಲಿ ಹೂಕೋಸು ಇದ್ರೆ ಪಾಲಕ್ ಅಂತಾಳೆ. ಎಲ್ಲಾ ತಪ್ಪು, ಸೊನ್ನೆ ಮಾರ್ಕ್ಸ್. ಆದ್ರೆ ಅದೇ ಫೈಲಲ್ಲಿ, ಯಾರೂ ಕೇಳದೇ ಇದ್ದಾಗ ಅವಳೇ ಹೇಳಿದ ಒಂದು ಮಾತಿದೆ. ತನ್ನನ್ನು ತಾನು ಕಳೆದುಕೊಂಡುಬಿಟ್ಟಿದ್ದೀನಿ ಅಂತ. ಆ ಫೈಲು ದಶಕಗಟ್ಟಲೆ ಎಲ್ಲೋ ಬಿದ್ದಿತ್ತು, 1995ರಲ್ಲಿ ಮತ್ತೆ ಸಿಕ್ತು. ಕಾಯಿಲೆ ಒಳಗಿಂದ ಹೇಗಿರುತ್ತೆ ಅಂತ ಆ ಒಂದೇ ಮಾತಿಗಿಂತ ಚೆನ್ನಾಗಿ ಹೇಳಿದ್ದನ್ನು ನಾನಂತೂ ಓದಿಲ್ಲ. ಗಂಡನ ಹೆಸರು ನೆನಪಾಗದ ಹೆಂಗಸು ತನ್ನ ಕಥೆಯನ್ನು ಒಂದು ಸಾಲಲ್ಲಿ ಹೇಳಿಬಿಟ್ಟಿದ್ದಾಳೆ.

ಪರೀಕ್ಷೆಗಳೇ ಬೇಡ ಅಂತ ನಾನು ಹೇಳ್ತಾ ಇಲ್ಲ. 1975ರಲ್ಲಿ ಬಂದ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಶನ್ ಅಂತ ಒಂದಿದೆ, 30 ಅಂಕದ್ದು. ಇವತ್ತು ಯಾವ ವಾರ, ಇದು ಯಾವ ಊರು, ಈಗ ಹೇಳಿದ ಮೂರು ಪದ ಮತ್ತೆ ಹೇಳಿ, ನೂರರಿಂದ ಏಳೇಳು ಕಳೀತಾ ಬನ್ನಿ, ಈ ಥರದ ಪ್ರಶ್ನೆಗಳು. ಡಾಕ್ಟರಿಗೆ ಅದು ಬೇಕು. ದೇಶದಲ್ಲಿ 60 ದಾಟಿದವರಲ್ಲಿ ಶೇಕಡ 7.4ರಷ್ಟು ಜನಕ್ಕೆ, ಅಂದ್ರೆ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕಾಯಿಲೆ ಗುರುತಿಸೋಕೆ ಅಳತೆ ಇರಲೇಬೇಕು. ನಮ್ಮ ರಾಜ್ಯದಲ್ಲೂ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿದ್ದಾರೆ, ಒಳ್ಳೇದೇ. ಆದ್ರೆ ಆಸ್ಪತ್ರೆಯ ಪ್ರಶ್ನೆಪತ್ರಿಕೆ ಮನೆಯ ಹಜಾರಕ್ಕೆ ಯಾಕೆ ಬರಬೇಕು?

ನಮ್ಮಂಥವರ ತಲೆಯಲ್ಲಿ ಇನ್ನೊಂದು ತೊಂದರೆ ಇದೆ. ನಾವು ನೆನಪು ಅಂದ ತಕ್ಷಣ ಹಾರ್ಡ್ ಡಿಸ್ಕ್ ಅಂತೀವಿ. ಅಜ್ಜನ ಬಗ್ಗೆ ಹೇಳಿದಾಗ ನನ್ನ ಕ್ಲಾಸಿನವನೊಬ್ಬ "ಅಂದ್ರೆ ಸೆಕ್ಟರ್‌ಗಳು ಕರಪ್ಟ್ ಆಗಿವೆ" ಅಂದ. ಆ ಲೆಕ್ಕದಲ್ಲಿ ಫೈಲು ಓಪನ್ ಆದ್ರೆ ಆಯ್ತು, ಇಲ್ಲದಿದ್ರೆ ಎರರ್. ಮನುಷ್ಯನ ನೆನಪು ಹಾಗೆ ಕೆಲಸ ಮಾಡಲ್ಲ, ಆರೋಗ್ಯವಾಗಿರೋರ ನೆನಪು ಕೂಡ. ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರ ಪುಸ್ತಕದಲ್ಲೇ ಇದನ್ನು ತೋರಿಸಿದ್ದರು. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನವರಿಗೆ ಓದಿಸಿ, ಆಮೇಲೆ ನೆನಪಿಂದ ಬರೀರಿ ಅಂದರು. ಬರೀತಾ ಬರೀತಾ ಆ ಜನರ ದೋಣಿ ಇಂಗ್ಲಿಷರ ದೋಣಿ ಆಯ್ತು, ಅರ್ಥವಾಗದ ಭಾಗಗಳು ಬಿದ್ದುಹೋದವು. ನಾವು ನೆನಪನ್ನು ತೆಗೆದು ತೋರಿಸೋದಿಲ್ಲ, ಪ್ರತಿ ಸಲ ಹೊಸದಾಗಿ ಕಟ್ತೀವಿ. ಅಜ್ಜನಿಗೆ ಕಟ್ಟೋಕೆ ಇಟ್ಟಿಗೆ ಕಮ್ಮಿ ಇದೆ. ಪಕ್ಕದ ಗೋಡೆಯ ಇಟ್ಟಿಗೆ ಕಿತ್ತು ಇಲ್ಲಿ ಇಡ್ತಾರೆ, ಅಷ್ಟೇ.

ಅಜ್ಜ ಹೇಳೋ ಒಂದು ಕಥೆ ಕೇಳಿ. "ವಿಶ್ವೇಶ್ವರಯ್ಯನೋರು ಬಂದಿದ್ರು ಕಣೋ ಮಿಲ್ಲಿಗೆ. ತಲೆ ಮೇಲೆ ಪೇಟ. ನನ್ನ ಕೈ ನೋಡಿದ್ರು. ಸುಟ್ಟಿತ್ತು. ಎಣ್ಣೆ ಹಚ್ಚು ಅಂದ್ರು." ಈಗ ಲೆಕ್ಕ ಹಾಕಿ. ಸರ್ ಎಂ. ವಿಶ್ವೇಶ್ವರಯ್ಯ ತೀರಿಕೊಂಡಿದ್ದು 1962ರ ಏಪ್ರಿಲ್‌ನಲ್ಲಿ. ಅಜ್ಜ ಫ್ಯಾಕ್ಟರಿಗೆ ಸೇರಿದ್ದು 1966ರಲ್ಲಿ. ಬಂದ ನೆಂಟರಲ್ಲಿ ಒಬ್ಬರು ಇದನ್ನು ಅಜ್ಜನ ಎದುರಿಗೇ ಲೆಕ್ಕ ಹಾಕಿ ತೋರಿಸಿ ಗೆದ್ದೂ ಬಿಟ್ಟರು. ಅಜ್ಜ ಸುಮ್ಮನಾದರು, ಆ ದಿನ ಪೂರ್ತಿ ಮಾತಾಡಲಿಲ್ಲ.

ಆದ್ರೆ ಅಜ್ಜನ ಅಪ್ಪ ಕೂಡ ಅದೇ ಫ್ಯಾಕ್ಟರಿಯಲ್ಲಿದ್ದವರು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸೋಕೆ ಶುರುವಾಯ್ತು. ಆ ವರ್ಷದಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರು ವಿಶ್ವೇಶ್ವರಯ್ಯನವರೇ. ಆ ಕಾಲದಲ್ಲಿ ಮುತ್ತಜ್ಜ ಕೂಲಿಯಾಗಿ ಸೇರಿದ್ದರು. ಎಣ್ಣೆ ಹಚ್ಚು ಅಂದಿದ್ದು ಮುತ್ತಜ್ಜನಿಗೆ ಅಂತ ನಮ್ಮ ಮನೆಯಲ್ಲಿ ಮೊದಲಿಂದ ಹೇಳ್ತಾರೆ. ಅಪ್ಪನ ಕಥೆ ಮಗನ ಕಥೆ ಆಗಿದೆ. ಇದು ಸುಳ್ಳಾ? ಅಪ್ಪ ಕಾಯಿಸಿದ ಕಬ್ಬಿಣವನ್ನೇ ಮಗ ತಿರುಗಿಸಿದ, ಎರಡು ತಲೆಮಾರಿನ ಕೈ ಸುಟ್ಟಿದ್ದು ಒಂದೇ ಬೆಂಕಿಯಲ್ಲಿ. ಆ ಊರಿನ ಹಳೇ ಹೆಸರು ಬೇರೆ ಬೆಂಕಿಪುರ. ಅಜ್ಜ ಹೇಳ್ತಾ ಇರೋದು ತಾನು ಎಲ್ಲಿಂದ ಬಂದೆ ಅಂತ. ತಾರೀಕು ತಪ್ಪಿರಬಹುದು, ವಿಳಾಸ ಸರಿಯಾಗೇ ಇದೆ. ಸೆಪ್ಟೆಂಬರ್ 15ಕ್ಕೆ ನಾವು ಇಂಜಿನಿಯರ್ಸ್ ಡೇ ಅಂತ ಅದೇ ಪೇಟದ ಫೋಟೋಗೆ ಹಾರ ಹಾಕ್ತೀವಿ. ಆ ಭಾಷಣಗಳಲ್ಲಿ ಎಣ್ಣೆ ಹಚ್ಚು ಅಂದ ವಿಶ್ವೇಶ್ವರಯ್ಯ ಒಂದು ಸಲನೂ ಬಂದಿಲ್ಲ.

ಸ್ವೀಡನ್ನಿನ ಲಾರ್ಸ್-ಕ್ರಿಸ್ಟರ್ ಹೈಡೆನ್ ಅನ್ನೋ ಸಂಶೋಧಕರು ಡಿಮೆನ್ಷಿಯಾ ಇರುವವರು ಕಥೆ ಹೇಳೋದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ, 2017ರಲ್ಲಿ ಅದರ ಬಗ್ಗೆ ಒಂದು ಪುಸ್ತಕವೂ ಬಂದಿದೆ. ಅವರ ಮುಖ್ಯ ಮಾತು ನನಗೆ ಅರ್ಥವಾದ ಹಾಗೆ ಇದು: ಕಥೆ ಒಬ್ಬರ ತಲೆಯೊಳಗೆ ಇರೋ ವಸ್ತು ಅಲ್ಲ, ಹೇಳೋರು ಕೇಳೋರು ಇಬ್ಬರೂ ಸೇರಿ ಮಾಡೋ ಕೆಲಸ. ಹೇಳೋರಿಗೆ ಪದ ಸಿಗದಿದ್ರೆ ಕೇಳೋರು ಕೊಡ್ತಾರೆ, ದಾರಿ ತಪ್ಪಿದ್ರೆ ಹಿಂದಿನ ತಿರುವಿಗೆ ಕರ್ಕೊಂಡು ಬರ್ತಾರೆ, ಮಾತು ನಿಂತ ಕಡೆ ಕೈ ಮುಖ ಮೈ ಮುಂದುವರಿಸುತ್ತೆ.

ಕೈ ಅಂದಾಗ ನೆನಪಾಯ್ತು. ರೋಲಿಂಗ್ ಮಿಲ್ಲಲ್ಲಿ ಕೆಂಪಗೆ ಕಾದ ಕಂಬಿ ರೋಲರ್‌ನಿಂದ ಹೊರಗೆ ಬರುವಾಗ ಅದನ್ನು ಇಕ್ಕಳದಲ್ಲಿ ಹಿಡಿದು, ತಿರುಗಿಸಿ, ಮುಂದಿನ ಸಂದಿಗೆ ಕೊಡಬೇಕಿತ್ತಂತೆ. ಸೆಕೆಂಡಿನ ಕೆಲಸ. ಅಜ್ಜನಿಗೆ ಈಗ "ಇಕ್ಕಳ" ಅನ್ನೋ ಪದ ಬರಲ್ಲ. "ಅದು… ಅದು ಇದೆಯಲ್ಲ" ಅಂತಾರೆ. ಆದ್ರೆ ಎದ್ದು ನಿಂತು ಎಡಗಾಲು ಹಿಂದಕ್ಕಿಟ್ಟು, ಸೊಂಟ ತಿರುಗಿಸಿ, ಎರಡೂ ಕೈಯಲ್ಲಿ ಆ ಕಂಬಿಯನ್ನು ಹಿಡಿದು ದಾಟಿಸ್ತಾರೆ. ಕಾಲು ಎಷ್ಟು ದೂರ ಇಡಬೇಕು ಅಂತ ಮೈಗೆ ಗೊತ್ತಿದೆ. ಹಾಟ್ ರೋಲಿಂಗ್ ಬಗ್ಗೆ ಎರಡು ಯೂನಿಟ್ ಓದಿರೋ ನನ್ನ ಸ್ನೇಹಿತನಿಗೆ ಆ ಭಂಗಿ ನೋಡಿದ ಮೇಲೇ ಆ ಡಯಾಗ್ರಾಂ ಅರ್ಥವಾಗಿದ್ದು.

ಸರಿ, ಕೈ ಸುಟ್ಟ ಕಥೆಯಲ್ಲಿ ತಾರೀಕು ತಪ್ಪಿದ್ರೆ ಯಾರಿಗೂ ನಷ್ಟ ಇಲ್ಲ. ಕಷ್ಟದ ಜಾಗ ಬೇರೆ ಇದೆ. ನಮ್ಮ ಅಜ್ಜಿ ತೀರಿಕೊಂಡು ಆರು ವರ್ಷ ಆಯ್ತು. ಅಜ್ಜ ದಿನಾ ಕೇಳ್ತಾರೆ, "ಅವಳೆಲ್ಲಿ? ಇನ್ನೂ ಬರಲಿಲ್ವಾ?" ಮೊದಲ ವರ್ಷ ಅತ್ತೆ, ಅಂದ್ರೆ ಅವರ ಮಗಳು, ನಿಜ ಹೇಳ್ತಿದ್ದರು. "ಅಪ್ಪ, ಅಮ್ಮ ಹೋಗ್ಬಿಟ್ರಲ್ಲ." ಅಜ್ಜನಿಗೆ ಅದು ಆಗ ಬಂದ ಸುದ್ದಿ. ಅಳೋರು. "ನನಗ್ಯಾಕೆ ಯಾರೂ ಹೇಳ್ಲಿಲ್ಲ? ಮಣ್ಣಿಗೆ ನಾನು ಇದ್ನಾ?" ಅಂತ ಕೇಳೋರು. ಅತ್ತ ಮೇಲೆ ನಿದ್ದೆ. ಬೆಳಿಗ್ಗೆ ಎದ್ದು ಮತ್ತೆ "ಅವಳೆಲ್ಲಿ?" ಒಂದೇ ವಾರದಲ್ಲಿ ಒಬ್ಬ ಮನುಷ್ಯನ ಹೆಂಡತಿ ನಾಲ್ಕು ಸಲ ಸತ್ತಳು.

ಅಪ್ಪ ಹೇಳ್ತಿದ್ದುದು ಇನ್ನೊಂದು: "ಊರಿಗೆ ಹೋಗಿದಾರೆ ಅಂತ ಹೇಳಿ, ಮುಗೀತು." ಅತ್ತೆಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. ಹೆತ್ತ ಅಪ್ಪನಿಗೆ ದಿನಾ ಸುಳ್ಳು ಹೇಳಬೇಕಾ, ಅವರೇನು ಚಿಕ್ಕ ಮಗುವಾ ಅಂತ. ಅತ್ತೆಯ ಮಾತಲ್ಲಿ ಅಜ್ಜನ ಮೇಲಿನ ಗೌರವ ಇತ್ತು, ಅಪ್ಪನ ಮಾತಲ್ಲಿ ದಯೆ ಇತ್ತು. ಎರಡೂ ಸರಿಹೋಗಲಿಲ್ಲ, ಯಾಕಂದ್ರೆ ಊರಿಗೆ ಹೋಗಿದಾರೆ ಅಂದ್ರೆ ಅಜ್ಜ ಬಾಗಿಲಲ್ಲೇ ಕೂತು ಕಾಯೋರು.

ದಾರಿ ಹುಡುಕಿದ್ದು ಅಮ್ಮ. "ಅವಳೆಲ್ಲಿ?" ಅಂದ್ರೆ ಅಮ್ಮ ಈಗ "ಅತ್ತೆ ನಿಮಗೆ ಊಟ ತಗೊಂಡು ಗೇಟ್ ಹತ್ರ ಬರ್ತಿದ್ರಂತಲ್ಲ ಮಾವ?" ಅಂತಾರೆ. ಅಷ್ಟು ಸಾಕು. ಸೆಕೆಂಡ್ ಶಿಫ್ಟ್, ಮಳೆಗಾಲ, ಭದ್ರಾ ಹೊಳೆ ತುಂಬಿ ಸೇತುವೆ ಮೇಲೆ ನೀರು, ಅಜ್ಜಿ ಕೈಯಲ್ಲಿ ಟಿಫನ್ ಕ್ಯಾರಿಯರ್. ಒಂದು ಸಲ ಹೇಳುವಾಗ ಅಜ್ಜಿ ಸೇತುವೆ ದಾಟಿ ಬಂದೇಬಿಡ್ತಾರೆ. ಇನ್ನೊಂದು ಸಲ ಆ ಕಡೆಯೇ ನಿಂತು, ನೀರು ಇಳಿಯೋವರೆಗೆ ಕಾಯ್ತಾರೆ. ಒಂದು ಸಲ ಕ್ಯಾರಿಯರಲ್ಲಿ ಮುದ್ದೆ, ಇನ್ನೊಂದು ಸಲ ಚಿತ್ರಾನ್ನ. ಆದ್ರೆ ಎಲ್ಲಾ ಸಲವೂ ಅಜ್ಜಿ ನೆನೆದಿರ್ತಾರೆ, ಎಲ್ಲಾ ಸಲವೂ ಊಟ ಬಿಸಿ ಇರುತ್ತೆ. ಅಜ್ಜನಿಗೆ ಬೇಕಾಗಿದ್ದು ಅಜ್ಜಿಯ ಲೊಕೇಶನ್ ಅಲ್ಲ. ಅವರ ಬಗ್ಗೆ ಮಾತಾಡಬೇಕಿತ್ತು.

ಹಾಗಂತ ಸತ್ಯ ಸುಳ್ಳು ಎಲ್ಲಾ ಒಂದೇ ಅಂತ ನಾನು ಹೇಳಲ್ಲ. "ಮಾತ್ರೆ ತಗೊಂಡಾಯ್ತು" ಅಂದ್ರೆ ಅಮ್ಮ ಸ್ಟ್ರಿಪ್ ಎಣಿಸಿಯೇ ನೋಡ್ತಾರೆ. ಪೆನ್ಷನ್ನು, ಸಹಿ, ಗ್ಯಾಸ್ ಸ್ಟವ್ ವಿಷಯದಲ್ಲಿ ಕಥೆ ನಡೆಯಲ್ಲ. ಮತ್ತೆ ಒಂದು ಮಾತು ಹೇಳಲೇಬೇಕು. ಕೇಳಿ ಕೇಳಿ ಅಂತ ಬರೆಯೋದು ನನ್ನಂಥವನಿಗೆ ಸುಲಭ. ನಾನು ಕಾಲೇಜು ಮುಗಿಸಿ ಸಂಜೆ ಬಂದು ಅರ್ಧ ಗಂಟೆ ಕೂರ್ತೀನಿ. ಅಮ್ಮ ಅದೇ ಸೇತುವೆಯನ್ನು ಒಂದೇ ದಿನ ಹನ್ನೊಂದು ಸಲ ದಾಟ್ತಾರೆ, ಕುಕ್ಕರ್ ಕೂಗ್ತಿರುವಾಗ. ಅಮ್ಮ ಎಲ್ಲಾ ಸಲ "ಹೌದಾ ಮಾವ" ಅನ್ನಲ್ಲ, ಕೆಲವು ಸಲ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತಾರೆ. ಕೇಳೋ ಕೆಲಸಕ್ಕೂ ಪಾಳಿ ಬೇಕು. ಮೂರು ಶಿಫ್ಟ್ ಒಬ್ಬರೇ ಮಾಡೋಕಾಗಲ್ಲ.

ನಮ್ಮ ಕ್ರಾಸಿನ ಕೊನೆ ಮನೆಯಲ್ಲಿ ಇನ್ನೊಬ್ಬರು ಅಜ್ಜಿ ಇದ್ದಾರೆ, ಸಾಗರ ಕಡೆಯವರು. ಸಂಜೆ ಐದೂವರೆ ಆದ್ರೆ ಸೆರಗು ಸರಿಮಾಡಿಕೊಂಡು ಗೇಟಿಗೆ ಬಂದು ನಿಲ್ತಾರೆ. "ಹೊತ್ತಾಯ್ತು, ದನ ಬರೋ ಹೊತ್ತು, ಮನೆಗೆ ಹೋಗ್ಬೇಕು." ಈ ಕಾಯಿಲೆಯಲ್ಲಿ ಸಂಜೆ ಹೊತ್ತು ತಳಮಳ ಜಾಸ್ತಿಯಾಗೋದು ಎಲ್ಲಾ ಕಡೆ ಇದೆ, ಮನೆಗೆ ಹೋಗ್ಬೇಕು ಅನ್ನೋದೂ ಎಲ್ಲಾ ಕಡೆ ಇದೆ. ಮಗ "ಇದೇ ನಿನ್ನ ಮನೆ ಕಣಮ್ಮಾ" ಅಂತಾನೆ. ಮಗ ಹೇಳೋದು ನಿಜ. ಆದ್ರೆ ಶಿವಮೊಗ್ಗ ಜಿಲ್ಲೆಯವರಿಗೆ "ಮುಳುಗಡೆ" ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ನೀರೊಳಗೆ ಹೋದವು. ಆ ಅಜ್ಜಿಯ ಮನೆ ನಿಜವಾಗಲೂ ಬೇರೆ ಇತ್ತು, ಅಲ್ಲಿಗೆ ಈಗ ಯಾರೂ ಕರ್ಕೊಂಡು ಹೋಗೋಕಾಗಲ್ಲ. ಮುಳುಗಡೆಯವರ ಭೂಮಿಯ ಹಕ್ಕಿನ ಜಗಳ ಇವತ್ತಿಗೂ ಪೇಪರಲ್ಲಿ ಬರ್ತಾನೇ ಇದೆ. ಅಜ್ಜಿಗೆ ದಾರಿ ತಪ್ಪಿದೆ ಅಂತ ನಾವು ಅಂದ್ಕೊಳ್ತೀವಿ, ಆ ಮನೆಗೆ ದಾರಿಯೇ ಉಳಿದಿಲ್ಲ.

ಅವರ ಸೊಸೆ ಒಂದು ದಿನ ಗೇಟಲ್ಲೇ ನಿಂತು "ಎಷ್ಟು ದನ ಇದ್ವು ಅತ್ತೆ?" ಅಂತ ಕೇಳಿದರಂತೆ. ಕೌಲಿ, ಬೆಳ್ಳಿ, ಕೆಂಪಿ ಅಂತ ಒಂದೊಂದೇ ಹೆಸರು, ಯಾವುದು ಒದೆಯುತ್ತೆ, ಯಾವುದು ಹಾಲು ಕಳ್ಳಿ, ಎಲ್ಲಾ ಬಂತು. ಹಾಗೇ ಮಾತಾಡ್ತಾ ಒಳಗೆ ಬಂದು ಕೂತರು. ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್ ಅಂತ ನಮ್ಮಲ್ಲಿ ಎಲೆಕ್ಟ್ರಿಕಲ್ಸ್‌ನವರಿಗೆ ಬಾಯಿಪಾಠ. ಆ ನೀರಿನ ಕೆಳಗಿನ ಕೊಟ್ಟಿಗೆಯ ಲೆಕ್ಕ ಇರೋದು ಆ ಅಜ್ಜಿಯ ಹತ್ತಿರ ಮಾತ್ರ.

ಭಾಷೆಯ ವಿಷಯಕ್ಕೆ ಬರ್ತೀನಿ, ಇದು ಕನ್ನಡ ಕ್ಲಬ್ಬಿನ ಪತ್ರಿಕೆ ತಾನೇ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಬೆಂಗಳೂರಿನ ನನ್ನ ಕಸಿನ್‌ಗಳೂ ಅಷ್ಟೇ, ಅವರು ಬಂದು "ಹೌ ಆರ್ ಯೂ ಅಜ್ಜ?" ಅಂದ್ರೆ ಅಜ್ಜ "ಫೈನ್, ಫೈನ್" ಅಂತಾರೆ, ಅಲ್ಲಿಗೆ ಮುಗೀತು. ಕಥೆ ಯಾವ ಭಾಷೆಯಲ್ಲಿ ನಡೀತೋ ಆ ಭಾಷೆಯಲ್ಲೇ ಹೊರಗೆ ಬರುತ್ತೆ. ಭದ್ರಾವತಿಯಲ್ಲಿ ಅದು ಕನ್ನಡ ಒಂದೇ ಅಲ್ಲ. ಅಜ್ಜ ಮಿಲ್ಲಿನ ವಿಷಯಕ್ಕೆ ಬಂದ್ರೆ ಅರ್ಧ ವಾಕ್ಯ ತಮಿಳಾಗುತ್ತೆ, ಯಾಕಂದ್ರೆ ಪಕ್ಕ ನಿಂತು ಕಂಬಿ ತಿರುಗಿಸ್ತಿದ್ದ ಗೆಳೆಯ ತಮಿಳರವರು. ಎರಡು ಭಾಷೆ ಬಳಸೋರಿಗೆ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬರುತ್ತೆ ಅಂತ 2013ರಲ್ಲಿ ಹೈದರಾಬಾದಿನಲ್ಲಿ 648 ರೋಗಿಗಳ ಅಧ್ಯಯನ ಹೇಳಿತ್ತು. ಅದನ್ನು ಮಾಡಿದವರಲ್ಲಿ ಮುಖ್ಯರು, ಆಮೇಲೆ ನಿಮ್ಹಾನ್ಸ್‌ಗೆ ಬಂದ ಸುವರ್ಣ ಅಲ್ಲಾಡಿ. ಶಾಲೆ ಮೆಟ್ಟಿಲು ಹತ್ತದವರಲ್ಲೂ ಆ ವ್ಯತ್ಯಾಸ ಕಂಡಿತ್ತು. ಹಾಗಾಗಿ ಕ್ವಾರ್ಟರ್ಸಲ್ಲಿ ಕಲಿತ ತಮಿಳು ಅಜ್ಜನಿಗೆ ಒಂದಷ್ಟು ವರ್ಷ ಕೊಟ್ಟಿರಲೂಬಹುದು, ಯಾರು ಬಲ್ಲರು.

ಇನ್ನೊಂದು ವಿಚಿತ್ರ ಗಮನಿಸಿ. ವಯಸ್ಸಾದವರು ತಮ್ಮ ಬದುಕಿನ ಕಥೆ ಹೇಳುವಾಗ ಹೆಚ್ಚು ಬರೋದು ಹತ್ತರಿಂದ ಮೂವತ್ತು ವರ್ಷದ ನಡುವಿನದ್ದು. ಮನಶ್ಶಾಸ್ತ್ರದಲ್ಲಿ ಇದಕ್ಕೆ ರೆಮಿನಿಸೆನ್ಸ್ ಬಂಪ್ ಅಂತಾರೆ. ಅಂದ್ರೆ ನಮಗೆ ಎಂಬತ್ತಾದಾಗ ನಾವು ಹೇಳ್ತಾ ಕೂರೋದು ಈ ವರ್ಷಗಳನ್ನೇ. ಈ ಹಾಸ್ಟೆಲ್ಲು, ಈ ಬ್ಯಾಕ್‌ಲಾಗು, ನವುಲೆಯ ರಾತ್ರಿ ಹನ್ನೊಂದರ ಎಗ್ ರೈಸು. ಆಗ ಕೇಳೋಕೆ ಯಾರಿರ್ತಾರೋ.

ಕೋಪ ಬರೋ ಒಂದು ವಿಷಯ ಹೇಳಿ ಮುಂದೆ ಹೋಗ್ತೀನಿ: ರೀಲ್ಸ್. ಅಜ್ಜಿ ಮೊಮ್ಮಗನನ್ನು ಗುರುತಿಸದೆ "ನೀನು ಯಾರಪ್ಪ" ಅಂದ್ರೆ ಹಿಂದೆ ಒಂದು ಮ್ಯೂಸಿಕ್, ನಗು ಅಥವಾ ಕಣ್ಣೀರಿನ ಇಮೋಜಿ, ಲಕ್ಷ ವ್ಯೂಸ್. ಇದೂ ವೈವಾನೇ, ಸಾರ್ವಜನಿಕ ವೈವಾ. ಅವರು ಬದುಕಿಡೀ ಸೆರಗು ಜಾರದ ಹಾಗೆ ನೋಡಿಕೊಂಡವರು, ಊರ ಎದುರು ಫೇಲ್ ಆಗೋಕೆ ಒಪ್ಪಿದ್ದರಾ? ಪ್ರಾಜೆಕ್ಟ್ ಎಕ್ಸ್‌ಪೋಗಳಲ್ಲಿ ಬರೋ ಡಿಮೆನ್ಷಿಯಾ ಆ್ಯಪ್‌ಗಳ ಬಗ್ಗೆಯೂ ನನ್ನದು ಅರ್ಧ ತಕರಾರು. ಜಿಪಿಎಸ್ ಇರೋ ಲಾಕೆಟ್ ಬೇಕು. ಅಜ್ಜ ಒಂದು ಬೆಳಗಿನ ಜಾವ ಫಸ್ಟ್ ಶಿಫ್ಟ್‌ಗೆ ಅಂತ ಹೊರಟು ಬಿಎಚ್ ರೋಡಲ್ಲಿ ಭದ್ರಾವತಿ ಬಸ್ಸಿಗೆ ಕಾಯ್ತಾ ನಿಂತಿದ್ದರು. ಆದ್ರೆ ಫೋಟೋ ತೋರಿಸಿ "ಇವರು ಯಾರು? ಎ, ಬಿ, ಸಿ" ಅಂತ ಕೇಳೋ ಆ್ಯಪ್ ಮಾಡಬೇಡಿ. ಅದಕ್ಕೆ ನೆಂಟರು ಇದ್ದಾರೆ.

2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನಮ್ಮಲ್ಲಿ ಎಲ್ಲರೂ ನೋಡಿದ್ದಾರೆ. ಹೇಮಂತ್ ರಾವ್ ನಿರ್ದೇಶನ, ಅಲ್ಝೈಮರ್ ಇರೋ ಅಪ್ಪನಾಗಿ ಅನಂತ್ ನಾಗ್, ಕಳೆದುಹೋದ ಅಪ್ಪನನ್ನು ಹುಡುಕೋ ಮಗನಾಗಿ ರಕ್ಷಿತ್ ಶೆಟ್ಟಿ. ಆ ಹೆಸರೇ ಕಾಣೆಯಾದವರ ಪ್ರಕಟಣೆಯ ಭಾಷೆ. ಅಷ್ಟು ವರ್ಷ ಜೊತೆಗಿದ್ದ ಅಪ್ಪನ ಬಗ್ಗೆ ಹೇಳೋಕೆ ಮೈಬಣ್ಣ, ಮೈಕಟ್ಟು ಬಿಟ್ಟು ಇನ್ನೇನೂ ಇಲ್ಲ. ಹುಡುಕೋಕೆ ಹೊರಟ ಮೇಲೆ ಮಗನಿಗೆ ಅಪ್ಪನ ಪರಿಚಯ ಆಗುತ್ತೆ. ಸಿನಿಮಾದಲ್ಲಿ ಟೈಮ್ ಸಿಗುತ್ತೆ.

ಹಿರಿಯರಿಗೆ "ಅರವತ್ತಕ್ಕೆ ಅರಳು ಮರಳು" ಅನ್ನೋ ಗಾದೆ ಇದೆ, ಬುದ್ಧಿ ಹೋಯ್ತು ಅನ್ನೋಕೆ ಬಳಸ್ತೀವಿ. ಬೇಂದ್ರೆ ಅರವತ್ತು ದಾಟಿದಾಗ ತಮ್ಮ ಸಂಕಲನಕ್ಕೆ ಅದೇ 'ಅರಳು ಮರಳು' ಹೆಸರಿಟ್ಟರು, 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರಳೋದು, ಮರಳಿ ಬರೋದು ಅಂತಲೂ ಓದಬಹುದು. ಬೈಗುಳದ ಪದವನ್ನು ಎತ್ತಿ ಹೀಗೆ ತಿರುಗಿಸಿಟ್ಟರು, ಅಜ್ಜ ಕಂಬಿ ತಿರುಗಿಸಿದ ಹಾಗೆ.

ಕ್ಲಬ್ಬಿಗೆ ನನ್ನ ಪ್ರಪೋಸಲ್ ಇದು. ರಾಜ್ಯೋತ್ಸವಕ್ಕೆ ಈ ವರ್ಷ ಡಿಜೆಗೆ ಕೊಡೋ ದುಡ್ಡಲ್ಲಿ ಸ್ವಲ್ಪ ಉಳಿಸಿ ಭದ್ರಾವತಿಯ ನ್ಯೂ ಟೌನ್ ಮತ್ತೆ ಪೇಪರ್ ಟೌನಿನ ಹಿರಿಯರ ಮಾತು ರೆಕಾರ್ಡ್ ಮಾಡೋಣ. 1936ರಲ್ಲಿ ಶುರುವಾದ ಎಂಪಿಎಂನ ಯಂತ್ರಗಳು ನಿಂತು ಸುಮಾರು ಹತ್ತು ವರ್ಷ ಆಗ್ತಾ ಬಂತು. ವಿಐಎಸ್‌ಎಲ್ ಮುಚ್ಚುತ್ತೀವಿ ಅಂತ 2023ರ ಜನವರಿಯಲ್ಲಿ ಸೈಲ್ ತೀರ್ಮಾನ ಮಾಡಿದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತಿದ್ದು ನಿಮಗೆ ನೆನಪಿರಬಹುದು. ಆ ಎರಡೂ ಫ್ಯಾಕ್ಟರಿಯಲ್ಲಿ ದುಡಿದವರು ಈಗ ಎಪ್ಪತ್ತು ಎಂಬತ್ತರಲ್ಲಿದ್ದಾರೆ. ಮರೆವು ಇದ್ದವರನ್ನೂ ಬಿಡೋದು ಬೇಡ, ಇಲ್ಲದವರನ್ನೂ ಬಿಡೋದು ಬೇಡ. ಈಗ ರೆಕಾರ್ಡ್ ಆದ ಕಥೆ ನಾಳೆ ಅವರಿಗೆ ಪದ ಸಿಗದಿದ್ದಾಗ ಮನೆಯವರ ಕೈಗೆ ಸಿಗೋ ಎಳೆ. ಅಮ್ಮನ ಹತ್ತಿರ ಟಿಫನ್ ಕ್ಯಾರಿಯರ್ ಇದ್ದ ಹಾಗೆ. ರೆಕಾರ್ಡಿಂಗ್ ಮನೆಯವರಿಗೆ ಕೊಡೋಣ, ಅವರು ಒಪ್ಪದೆ ಎಲ್ಲೂ ಹಾಕೋದು ಬೇಡ.

ಪ್ರಶ್ನೆಗಳಲ್ಲಿ "ಯಾವ ಇಸವಿ", "ಎಷ್ಟು ಸಂಬಳ", "ನೆನಪಿದೆಯಾ" ಬೇಡ. ಶಿಫ್ಟಿಗೆ ಬುತ್ತಿ ಏನು ತಗೊಂಡು ಹೋಗ್ತಿದ್ರಿ, ಬೆಂಕಿ ಹತ್ತಿರ ನಿಂತಾಗ ಬಾಯಾರಿದ್ರೆ ಏನು ಕುಡೀತಿದ್ರಿ, ಪಕ್ಕದ ಕ್ವಾರ್ಟರ್ಸಲ್ಲಿ ಯಾರಿದ್ರು, ಇಂಥವು ಸಾಕು. ತಮಿಳು, ತೆಲುಗು, ಉರ್ದು ಬರೋರು ಬೇಕೇ ಬೇಕು. ದಿನಾ ಭದ್ರಾವತಿಯಿಂದ ಬಸ್ಸಲ್ಲಿ ಬರೋರು ಮೊದಲು ನಿಮ್ಮ ಮನೆಯಿಂದಲೇ ಶುರು ಮಾಡಬಹುದು. ಬರೋರು ಗ್ರೂಪಲ್ಲಿ ಹೆಸರು ಹಾಕಿ, ಒಂದು ಕಾಲರ್ ಮೈಕ್ ನನ್ನ ಹತ್ತಿರ ಇದೆ.